ಮುನಿದದ್ದು ಕಂಬಳಿಯಲ್ಲ

ಕಂಬಳಿ ಮುನಿಯಿತಂತೆ! ನಮ್ಮೂರು ದಡ್ಡಿಯ ಜನ ಹೇಳುವುದು ಹಾಗೆ. ನನ್ನ ಅಣ್ಣ ಮಾಲಿಂಗನ ಮಗಳು ಕಾಜಲ್ ಬೆನ್ನು, ತೊಡೆ ಸುಟ್ಟುಕೊಂಡು ಆಸ್ಪತ್ರೆ ಸೇರಿದಾಗ ಊರವರು ಹುಡುಕಿ ತಂದ ಕಾರಣ ಇದು. ಕಂಬಳಿ ಬೀರಪ್ಪ ದೇವರದು, ಅದಕ್ಕೆ ಸಿಟ್ಟು ಬಂದರೆ ಹೀಗೆ ಸುಡುತ್ತದೆ, ಸಿಟ್ಟು ಬರುವಂಥದ್ದೇನೋ ನಮ್ಮವ್ವ ಕೆಂಪವ್ವ ಮಾಡಿರಲೇಬೇಕು. ಈ ಮಾತು ಕಿವಿಗೆ ಬಿದ್ದಾಗಿನಿಂದ ನನ್ನ ಮೈ ಉರಿಯುತ್ತಿದೆ.

ಆದದ್ದು ಇಷ್ಟು. ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಕೂತು ಕಾಜಲ್ ಮೈ ಕಾಸಿಕೊಳ್ಳುತ್ತಿದ್ದಾಗ ಅವಳ ಲಂಗದ ಅಂಚಿಗೆ ಕಿಡಿ ಹತ್ತಿತು. ನಾಲ್ಕು ವರ್ಷದ ಕೂಸು ಹೆದರಿ ಓಡಿತು, ಓಡಿದಂತೆ ಬೆಂಕಿ ಮೇಲೇರಿತು. ಅವ್ವ ಗೂಟಕ್ಕೆ ತೂಗಿದ್ದ ಕರಿ ಕಂಬಳಿಯನ್ನು ಸೆಳೆದು ಮಗುವಿಗೆ ಸುತ್ತಿ ಎದೆಗವುಚಿಕೊಂಡಳು. ನಮ್ಮ ಜನರಲ್ಲಿ ಯಾರಿದ್ದರೂ ಇದನ್ನೇ ಮಾಡುತ್ತಿದ್ದರು. ನಾವು ಕುರಿ ಕಾಯುವವರು. ಅಡವಿಯಲ್ಲಿ ಉರಿಯುವ ಒಲೆಯ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿ ಬೆಳೆದವರು. ಕಿಡಿ ಸಿಡಿದು ಬಿದ್ದರೆ ಕಂಬಳಿ ತುಸು ಹೊಗೆಯಾಡಿ ತಾನಾಗಿ ಆರುತ್ತದೆ, ಮಲಗಿದವನಿಗೆ ಎಚ್ಚರವೂ ಆಗುವುದಿಲ್ಲ. ಬೆಂಕಿ ಕಂಡರೆ ಬೇರೆಯವರು ‘ನೀರು, ನೀರು’ ಎಂದು ಕೂಗುತ್ತಾರೆ. ನಾವು ‘ಕಂಬಳಿ ಹಾಕ್ರಿ’ ಎಂದು ಕೂಗುತ್ತೇವೆ.

ಅವತ್ತಿನ ಕಂಬಳಿ ಬೆಂಕಿ ಆರಿಸಲಿಲ್ಲ. ಕರಗಿತು. ಕರಗಿ ಮಗುವಿನ ಚರ್ಮಕ್ಕೆ ಅಂಟಿತು. ಮಗು ಚೀರಿದಷ್ಟೂ ಅವ್ವ ಬಿಗಿಯಾಗಿ ಅಪ್ಪಿಕೊಂಡಳು, ಅಪ್ಪಿಕೊಂಡಷ್ಟೂ ಅದು ಅಂಟಿತು. ಅವ್ವನ ಅಂಗೈಗಳಿಗೂ ಅಂಟಿತ್ತು, ಆದರೆ ಅದನ್ನು ಯಾರೂ ಕೇಳಲಿಲ್ಲ.

ಹುಕ್ಕೇರಿಯಲ್ಲಿ ತೋರಿಸಿಕೊಂಡು ಘಟಪ್ರಭಾದ ಆಸ್ಪತ್ರೆಗೆ ಕರೆತಂದರು. ಗೋಕಾಕದಲ್ಲಿ ಕೋಣೆ ಮಾಡಿಕೊಂಡಿರುವ ನಾನು ಸುದ್ದಿ ತಿಳಿದು ಓಡಿಬಂದಾಗ ಡಾಕ್ಟರು ಮಗುವಿನ ಬೆನ್ನಿನಿಂದ ಕಪ್ಪು ಚೂರುಗಳನ್ನು ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿ ಮುಗಿಸಿದ್ದರು.

“ಲಂಗದ ಬೆಂಕಿ ಮಾತ್ರ ಆಗಿದ್ರ ಅಂಗೈಯಷ್ಟು ಸುಡತಿತ್ತು. ಇದರ ಮ್ಯಾಲ ಏನ ಹಾಕಿದ್ರಿ?” ಎಂದು ಡಾಕ್ಟರು ಕೇಳಿದರು.

“ಕಂಬಳಿ ರಿ,” ಎಂದಳು ಅತ್ತಿಗೆ ದ್ರಾಕ್ಷಾಯಿಣಿ. ಅವಳು ಕಾಜಲ್‌ಳ ತಾಯಿ. ಹೇಳುವಾಗ ಅವಳ ಕಣ್ಣು ಅವ್ವನ ಮೇಲಿತ್ತು, ಆ ನೋಟದಲ್ಲಿ ಒಂದು ಹನಿ ದಯೆಯೂ ಇರಲಿಲ್ಲ.

ನಾನು ತಟ್ಟೆಯಲ್ಲಿದ್ದ ಒಂದು ಚೂರನ್ನು ಎತ್ತಿ ಬೆರಳಲ್ಲಿ ಹಿಸುಕಿದೆ. ಉಣ್ಣೆ ಸುಟ್ಟರೆ ಬೂದಿಯಾಗಿ ಪುಡಿಪುಡಿ ಉದುರುತ್ತದೆ, ನಮ್ಮ ತಲೆಗೂದಲು ಸುಟ್ಟ ಹಾಗೆ. ಇದು ಪುಡಿಯಾಗಲಿಲ್ಲ. ಗಟ್ಟಿ ಮಣಿ, ನುಣುಪು, ಹೊಳಪು. ಇದನ್ನು ನಾನು ದಿನಾ ನೋಡುತ್ತೇನೆ. ನನ್ನ ಹೊಟ್ಟೆಪಾಡೇ ಇದು.

ಗೋಕಾಕದ ಹೊರಗಿರುವ ಒಂದು ನೂಲೆಳೆ ಕಾರ್ಖಾನೆಯಲ್ಲಿ ಎಳೆ ಪರೀಕ್ಷಿಸುವ ಕೆಲಸ ನನ್ನದು. ನೀವು ಕುಡಿದು ಎಸೆದ ನೀರಿನ ಬಾಟಲಿಗಳು ನಮ್ಮಲ್ಲಿಗೆ ಬರುತ್ತವೆ. ಅವನ್ನು ಚೂರು ಮಾಡಿ, ತೊಳೆದು, ಹಸಿ ಒಂಚೂರೂ ಉಳಿಯದಂತೆ ಒಣಗಿಸುತ್ತೇವೆ. ಹಸಿ ಉಳಿದರೆ ಎಳೆಯೊಳಗಿನ ಅಣುಗಳ ಉದ್ದನೆಯ ಸರಪಳಿಗಳು ಕಡಿದುಹೋಗಿ ನೂಲು ನಿಲ್ಲುವುದಿಲ್ಲ. ಆಮೇಲೆ ಕಾಯಿಸಿ ಕರಗಿಸುವುದು. ಕರಿ ಬಣ್ಣ ಬೇಕೆಂದರೆ ಕರಗಿದ ಪಾಕದಲ್ಲೇ ಬಣ್ಣ ಬೆರೆಸುತ್ತೇವೆ, ಹಾಗಾಗಿ ಎಷ್ಟು ಒಗೆದರೂ ಅದು ಬಿಡುವುದಿಲ್ಲ. ಆ ಪಾಕವನ್ನು ಸಣ್ಣ ತೂತುಗಳ ಉಕ್ಕಿನ ತಟ್ಟೆಯೊಳಗಿಂದ ಒತ್ತಿದರೆ ಶಾವಿಗೆ ಒತ್ತಿದಂತೆ ಎಳೆ ಇಳಿಯುತ್ತದೆ, ಗಾಳಿ ಬಡಿದು ಗಟ್ಟಿಯಾಗುತ್ತದೆ.

ಹಾಗೆ ಇಳಿದ ಎಳೆಗೆ ತ್ರಾಣವಿಲ್ಲ. ಎಳೆದರೆ ಹಿಗ್ಗುತ್ತಲೇ ಹೋಗುತ್ತದೆ. ಅದನ್ನು ಬಿಸಿ ರೋಲರುಗಳ ಮೇಲೆ ನಾಲ್ಕು ಪಟ್ಟು ಉದ್ದಕ್ಕೆ ಜಗ್ಗಬೇಕು. ಆಗ ಒಳಗೆ ಅಡ್ಡಾದಿಡ್ಡಿ ಬಿದ್ದಿದ್ದ ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಒತ್ತಾಗಿ ನಿಲ್ಲುತ್ತವೆ. ಪಾಲಿಯೆಸ್ಟರ್‌ಗೆ ಬಲ ಬರುವುದು ಅಲ್ಲಿ. ಕೊನೆಗೆ ಎಳೆಗಳನ್ನು ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ತುರುಕಿ ಸುಕ್ಕು ಹಿಡಿಸುತ್ತೇವೆ. ಕುರಿಯ ಉಣ್ಣೆಗೆ ಹುಟ್ಟಿನಿಂದ ಬಂದ ಗುಂಗುರನ್ನು ಇದಕ್ಕೆ ನಾವು ಒತ್ತಿ ಕೊಡುತ್ತೇವೆ. ಆ ಸುಕ್ಕನ್ನು ಬಿಸಿಯಲ್ಲಿ ನಿಲ್ಲಿಸಿ, ತುಂಡರಿಸಿ, ಮೂಟೆ ಕಟ್ಟಿದರೆ ಮುಗಿಯಿತು. ಕಣ್ಣು ಮುಚ್ಚಿ ಮುಟ್ಟಿದರೆ ಉಣ್ಣೆಯೇ ಅನ್ನಬೇಕು.

ಈ ಎಳೆಯ ಮೇಲೆ ನನಗೆ ಸಿಟ್ಟಿಲ್ಲ. ನುಸಿ ತಿನ್ನುವುದಿಲ್ಲ, ನೀರು ಹಿಡಿಯುವುದಿಲ್ಲ, ತಿಕ್ಕಿದರೆ ಸವೆಯುವುದಿಲ್ಲ. ನನ್ನ ಮೈಮೇಲಿನ ಚೂಡಿದಾರವೂ ಅದರದ್ದೇ. ಆದರೆ ಅದರ ಒಂದು ಗುಣವನ್ನು ಮರೆಯುವಂತಿಲ್ಲ. ಅದು ಕರಗಿ ಹುಟ್ಟಿದ್ದು, ಬೆಂಕಿ ಕಂಡರೆ ಮತ್ತೆ ಕರಗುತ್ತದೆ. ಕರದಂಟಿಗೆ ಹೂಡಿದ ಬೆಲ್ಲದ ಪಾಕ ಕೈಗೆ ಸಿಡಿದವರಿಗೆ ಅದರ ನೋವು ಗೊತ್ತು. ಆದ್ದರಿಂದ ನಾವು ಪ್ರತಿ ಮೂಟೆಯ ಮೇಲೆ ‘ಪಾಲಿಯೆಸ್ಟರ್’ ಎಂದು ದಪ್ಪಕ್ಷರದಲ್ಲಿ ಬರೆದೇ ಕಳಿಸುತ್ತೇವೆ. ಅದಕ್ಕೆ ‘ಕಂಬಳಿ’ ಎಂದು ಹೆಸರಿಟ್ಟವನು ನನ್ನ ಕೈಗೆ ಸಿಗಬೇಕಿತ್ತು.

ಅವನು ಯಾರೆಂದು ಹುಡುಕಬೇಕಾಗಿರಲಿಲ್ಲ. ಅವ್ವ ಹುಟ್ಟಾ ಉಣ್ಣೆ ನೂಲುವವಳು. ಅವಳ ನೂಲಿನ ಕಂಬಳಿ ನೀರು ತುಂಬಿದರೆ ಸೋರುವುದಿಲ್ಲ ಎಂದು ಜನ ಹೇಳುತ್ತಿದ್ದರು. ಈಗ ಕುರಿ ಸಾಕುವುದು ಮಾಂಸಕ್ಕೆ, ಕತ್ತರಿಸಿದ ಉಣ್ಣೆಯನ್ನು ಬದುವಿಗೆ ಚೆಲ್ಲುತ್ತಾರೆ. ಮೂಡಲಗಿಯಲ್ಲಿ ನಮ್ಮವರದೇ ಒಂದು ಕಂಬಳಿ ನೇಕಾರರ ಸಂಘವಿದೆ. ಅದರ ಅಧ್ಯಕ್ಷ ಖಂಡೆಪ್ಪ, ನಮಗೆ ದೂರದ ಸಂಬಂಧಿ, ಕಾಕಾ ಅನ್ನುತ್ತೇವೆ. ಹೋದ ವರ್ಷದ ಸಭೆಯಲ್ಲಿ ನೂಲುವ ಹಿರಿಯ ಹೆಂಗಸರಿಗೆಲ್ಲ ಸನ್ಮಾನ ಮಾಡಿ, ಹೆಗಲಿಗೆ ಒಂದೊಂದು ಕರಿ ಕಂಬಳಿ ಹೊದಿಸಿದ್ದ. ಮೂಲೆಯಲ್ಲಿ ಪಟ್ಟಿ ಹೊಲಿದಿತ್ತು: ‘ಅಪ್ಪಟ ಕುರಿ ಉಣ್ಣೆ’. ಮೆತ್ತಗಿದೆಯಲ್ಲ ಎಂದು ಯಾರೋ ಕೇಳಿದ್ದಕ್ಕೆ, “ಮಷಿನ್ ಮಗ್ಗದ್ದು, ಅದಕ್ಕ ಮೆತ್ತಗ,” ಎಂದಿದ್ದ. ನಮ್ಮ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುತ್ತೇವೆ. ಒರಟು, ಒಂದು ಬಗೆಯ ಹುಳಿ ವಾಸನೆ. ಇದಕ್ಕೆ ಯಾವ ವಾಸನೆಯೂ ಇರಲಿಲ್ಲ. ಆದರೂ ಅವ್ವ ಅದನ್ನು ಹೊದೆಯಲಿಲ್ಲ, ಹಾಸಲಿಲ್ಲ. ಸನ್ಮಾನದ್ದು ಎಂದು ಗೂಟಕ್ಕೆ ತೂಗಿ, ಸೋಮವಾರಕ್ಕೊಮ್ಮೆ ಅದಕ್ಕೆ ಭಂಡಾರದ ಅರಿಸಿನ ಹಚ್ಚುತ್ತಿದ್ದಳು. ಬಾಟಲಿಗೆ ಪೂಜೆ ಮಾಡಿಸಿದ್ದಾನೆ ಆ ಪುಣ್ಯಾತ್ಮ!

ಮಗು ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ದ್ರಾಕ್ಷಾಯಿಣಿ ದಡ್ಡಿಗೆ ಬರಲಿಲ್ಲ. ಕಲ್ಲೋಳಿಯ ತವರಿಗೆ ಹೊರಟಳು. ಅವ್ವ ಕೈಚಾಚಿದಾಗ ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿಕೊಂಡು, “ಆ ಕೈ ನನ್ನ ಮಗಳನ್ನ ಮುಟ್ಟಬಾರದು,” ಎಂದಳು. ಪಟ್ಟಿ ಸುತ್ತಿದ ಎರಡೂ ಕೈಗಳನ್ನು ಅವ್ವ ಸೆರಗಿನೊಳಗೆ ಎಳೆದುಕೊಂಡಳು. ಮಾಲಿಂಗ ನೆಲ ನೋಡುತ್ತ ನಿಂತಿದ್ದ. ನೆಲ ನೋಡುವುದರಲ್ಲಿ ನಮ್ಮಣ್ಣನನ್ನು ಮೀರಿಸುವವರಿಲ್ಲ.

ಊರಿಗೆ ಬಂದರೆ ಪಕ್ಕದ ಮನೆಯ ಮಾಯವ್ವ ಸಮಾಧಾನ ಹೇಳುವ ನೆಪದಲ್ಲಿ ಬಂದು ಕೂತಳು. “ಕಂಬಳಿ ಸುಟ್ರ ಕೂದಲ ಸುಟ್ಟ ವಾಸನಿ ಬರಬೇಕಲ್ಲೇನ್ರಿ? ಅವತ್ತ ಅದು ಬರಲಿಲ್ಲ. ಬ್ಯಾರೇನ ಒಂದು ಕೆಟ್ಟ ವಾಸನಿ ಬಂತು. ದೇವರು ಮುನಿದಾಗ ಹಂಗ ಆಕ್ಕೈತಿ,” ಎಂದಳು.

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. “ಮಾಯಕ್ಕಾ, ಮೂಗು ಖರೆ ಹೇಳೈತಿ, ನೀವ ಕೇಳಲಿಲ್ಲ! ಅದು ಕಂಬಳಿ ಅಲ್ಲ, ಅದಕ್ಕ ಆ ವಾಸನಿ ಬರಲಿಲ್ಲ!” ಎಂದು ಕೂಗಿದೆ. ಆ ಕಂಬಳಿಯಲ್ಲಿ ಸುಡದೆ ಉಳಿದಿದ್ದ ತುಂಡೊಂದನ್ನು ತಂದು ಕಡ್ಡಿ ಗೀರಿದೆ. ಅದು ಬೆಂಕಿಯಿಂದ ಹಿಂದೆ ಸರಿದು, ಮುದುಡಿ, ಕರಗಿ, ಕಪ್ಪು ಹನಿಯಾಗಿ ನೆಲಕ್ಕೆ ಬಿತ್ತು. ನೋಡಿಯಾರೆಂದು ತಲೆಯೆತ್ತಿದರೆ ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. “ದೇವರ ಕಂಬಳಿಗೆ ಬೆಂಕಿ ಇಡತಿ ಏನ, ಅರ್ಚನಾ? ಒಮ್ಮೆ ಮುನಿದದ್ದು ಸಾಲಲಿಲ್ಲೇನ?” ಎಂದಳು.

ಬೇರೆಯವರು ಅಂದಿದ್ದರೆ ಜಗಳಾಡಬಹುದಿತ್ತು. ನಮ್ಮವ್ವನೇ ನಂಬಿಬಿಟ್ಟಿದ್ದಳು. ನಲವತ್ತು ವರ್ಷ ಉಣ್ಣೆ ಮುಟ್ಟಿದ ಕೈ ತನ್ನದೇ ತಪ್ಪೆಂದು ಒಪ್ಪಿಕೊಂಡು ಸೆರಗಿನೊಳಗೆ ಕೂತಿತ್ತು. ಅವಳು ಊಟ ಬಿಟ್ಟಿರಲಿಲ್ಲ, ಅಳುತ್ತಿರಲಿಲ್ಲ. ಮಗುವಿನ ಹೆಸರು ಬಂದಾಗ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು.

ನಾನು ಕಲ್ಲೋಳಿಗೆ ಹೋಗಿ ಅತ್ತಿಗೆಯ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಮಗುವಿನ ಬೆನ್ನಿಗೆ ಮುಲಾಮು ಹಚ್ಚುತ್ತಿದ್ದಳು. ಗಾಯ ಮಾಯುತ್ತಿತ್ತು, ಚರ್ಮ ಮಾತ್ರ ಏರಿಳಿತವಾಗಿ ಗಂಟುಗಟ್ಟಿತ್ತು.

“ನಿಮ್ಮವ್ವನ ಮಗಳು ನೀ. ನೀ ಹಂಗ ಹೇಳಾಕಿನ. ಖಂಡೆಪ್ಪ ಕಾಕಾ ಹೇಳಲಿ, ಅದು ಉಣ್ಣಿದಲ್ಲ ಅಂತ. ಹೇಳಿದ ದಿನ ನಾನ ಮಗಳನ್ನ ಕರಕೊಂಡು ದಡ್ಡಿಗೆ ಬರತೇನಿ, ಅತ್ತಿ ಮಡಲಾಗ ಕುಂದ್ರಸತೇನಿ,” ಎಂದಳು.

ಸರಿ, ಅಲ್ಲಿಂದ ನೆಟ್ಟಗೆ ಮೂಡಲಗಿಗೆ ಹೋದೆ. ಖಂಡೆಪ್ಪ ಸಂಘದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಚಹಾ ಕುಡಿಯುತ್ತಿದ್ದ. ನನಗೂ ಒಂದು ಕಪ್ಪು ತರಿಸಿದ. ನಾನು ಮುಟ್ಟಲಿಲ್ಲ.

“ಕಾಕಾ, ಆ ಕಂಬಳಿ ಪಾಲಿಯೆಸ್ಟರ್‌ದು. ನಿಮಗ ಗೊತ್ತಿತ್ತು.”

“ಏನ ಮಾತಾಡತಿ ತಂಗಿ? ಹೊದಿಯೂದೆಲ್ಲಾ ಕಂಬಳಿನ. ಪಟ್ಟಿ ಓದಿಲ್ಲೇನ? ಅಪ್ಪಟ ಉಣ್ಣಿ.”

“ಉಣ್ಣಿ ಕರಗತೈತೇನ್ರಿ?”

“ಅದಕ್ಕ ಊರಾಗ ಹೇಳತಾರಲ್ಲ, ಮುನಿದೈತಿ ಅಂತ. ನಿಮ್ಮವ್ವ ಮೈಲಿಗಿಯಾಗ ಮುಟ್ಟಿದಳೋ ಏನೋ, ನಾ ಹೆಂಗ ಹೇಳಲಿ?” ಎಂದವನು ಚಹಾದ ಕಪ್ಪನ್ನು ಕೆಳಗಿಟ್ಟು ನಕ್ಕ. “ಮ್ಯಾಲಾಗಿ, ಇಂಥಾ ಎಳಿ ಮಾಡಿ ಪಗಾರ ತಗೊಳ್ಳಾಕಿ ನೀ. ನನ್ನ ಕೇಳಾಕ ಬಂದಿ?”

“ನಾವು ಮೂಟಿ ಮ್ಯಾಲ ಅದರ ಹೆಸರ ಬರೀತೇವ್ರಿ. ನಮ್ಮವ್ವನ ಹೆಗಲಿಗೆ ನೀವು ಹೊದಿಸಿದ್ದು ಸುಳ್ಳ ಹೆಸರು,” ಎಂದು ಎದ್ದುಬಂದೆ. ಮೈಲಿಗೆಯಂತೆ! ಅವನ ಕೆನ್ನೆಗೆ ಬಾರಿಸದೆ ಬಂದೆನಲ್ಲ ಎಂದು ಈಗಲೂ ಕೈ ಕಡಿಯುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಸಂಘದ ವಾರ್ಷಿಕ ಸಭೆ ಬಂತು. ಈ ಸಲ ಸನ್ಮಾನ ಖಂಡೆಪ್ಪನಿಗೇ. ಕಂಬಳಿಯ ಕುಲಕ್ಕೆ ಅವನು ಮಾಡಿದ ಸೇವೆಗಾಗಿ! ನಮ್ಮಲ್ಲಿ ಸನ್ಮಾನವೆಂದರೆ ಕಂಬಳಿ ಹೊದಿಸುವುದು, ಹೊದಿಸಿದ ಮೇಲೆ ಸಂಘದ ಹೆಂಗಸರು ಬಂದು ಆರತಿ ಬೆಳಗುವುದು. ಪದ್ಧತಿ ನೆನಪಾದಾಗ ನನಗೆ ದಾರಿ ಹೊಳೆಯಿತು. ಅವ್ವ ಸಭೆಗೆ ಬರುವುದಿಲ್ಲ ಎಂದಳು. ಅವಳ ಬದಲು ಆರತಿಗೆ ನಾನು ಹೆಸರು ಕೊಟ್ಟೆ. ದ್ರಾಕ್ಷಾಯಿಣಿಗೆ ಫೋನ್ ಮಾಡಿ, “ಕಲ್ಲೋಳಿಯಿಂದ ಮೂಡಲಗಿ ದೂರಿಲ್ಲ. ಬಂದು ಕುಂದ್ರು. ಕಾಕಾ ಹೇಳೂದನ್ನ ನಿನ್ನ ಕಣ್ಣಿಲೆ ನೋಡು,” ಎಂದೆ.

ಸಭಾಭವನ ತುಂಬಿತ್ತು. ದ್ರಾಕ್ಷಾಯಿಣಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮುಖ್ಯ ಅತಿಥಿ ಅಣ್ಣಾಸಾಹೇಬ ಎಂಬ ನಿವೃತ್ತ ಮಾಸ್ತರರು. ಅವರ ಹೆಗಲಿಗೂ ಒಂದು ಕರಿ ಕಂಬಳಿ ಬಿದ್ದಿತ್ತು. ಅವರು ಎದ್ದು ಖಂಡೆಪ್ಪನಿಗೆ ಹೊದಿಸಿದರು. ಅದೇ ಮೆತ್ತನೆಯ ಕಂಬಳಿ, ಅದೇ ಪಟ್ಟಿ. ಚಪ್ಪಾಳೆ ಬಿತ್ತು. ಖಂಡೆಪ್ಪ ಮೈಕು ಹಿಡಿದು, ಮಾರುಕಟ್ಟೆಯಲ್ಲಿ ಎಷ್ಟು ಮೋಸ ನಡೆದರೂ ನಮ್ಮ ಸಂಘದ ಕಂಬಳಿಯಲ್ಲಿ ಉಣ್ಣೆಯ ಹೊರತು ಒಂದು ಎಳೆಯೂ ಬೇರೆ ಇಲ್ಲ ಎಂದು ಭಾಷಣ ಮಾಡಿದ. ಜನ ಮತ್ತೆ ಚಪ್ಪಾಳೆ ತಟ್ಟಿದರು. ನಾನು ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ವೇದಿಕೆ ಹತ್ತಿದೆ.

ಆರತಿ ಬೆಳಗಿದೆ. ಕೆಳಗಿಳಿಯಲಿಲ್ಲ. ಮೈಕಿನ ಹತ್ತಿರವೇ ನಿಂತು ಕೇಳಿದೆ, “ಕಾಕಾ, ಮೈಮ್ಯಾಲಿಂದು ಅಪ್ಪಟ ಉಣ್ಣಿ ಹೌದಲ್ರಿ?”

“ಹೌದವಾ. ಈಗ ಹೇಳಿದ್ನಲ್ಲ.”

“ಉಣ್ಣಿ ಕಂಬಳಿಗೆ ಕಿಡಿ ಬಿದ್ರ ಏನಾಕ್ಕೈತ್ರಿ?”

ಅವನು ಸಭೆಯತ್ತ ನೋಡಿ ನಕ್ಕ. “ಏನಾಕ್ಕೈತಿ, ಆರತೈತಿ. ಕುರಿ ಕಾಯೂ ಮಂದಿಗೆ ಇದನ್ನ ಹೇಳಬೇಕೇನ?”

“ಹಂಗಾರ ಕಂಬಳಿ ಅಂಚಿಗೆ ಒಂದು ಕಿಡಿ ಮುಟ್ಟಸತೇನ್ರಿ. ಹೊದ್ದಕೊಂಡ ನಿಂದರ್ರಿ. ತಾನ ಆರತೈತಿ.”

ತಟ್ಟೆಯನ್ನು ಅವನತ್ತ ಚಾಚಿ ಒಂದು ಹೆಜ್ಜೆ ಮುಂದಿಟ್ಟೆ. ಅವನ ನಗೆ ಮುಖದ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ಕರ್ಪೂರದ ಮೇಲೆ ನಟ್ಟಿತ್ತು. “ಏ, ಹುಚ್ಚಿ, ಸರಿ ಆ ಕಡೆ,” ಎಂದ. ನಾನು ಇನ್ನೊಂದು ಹೆಜ್ಜೆ ಇಟ್ಟೆ. ನಿಜವಾಗಿ ಹಚ್ಚುತ್ತಿದ್ದೆನೇ ಎಂದು ಆಮೇಲೆ ಬಹಳ ಜನ ಕೇಳಿದರು. ಗೊತ್ತಿಲ್ಲ. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದಿದ್ದದ್ದು ಆಸ್ಪತ್ರೆಯ ತಟ್ಟೆ.

ಉರಿ ಇನ್ನೂ ಮೊಳದಷ್ಟು ದೂರವಿತ್ತು. ಖಂಡೆಪ್ಪ ಎರಡೂ ಕೈಯಿಂದ ಕಂಬಳಿಯನ್ನು ಕಿತ್ತು, ವೇದಿಕೆಯ ಅಂಚಿನವರೆಗೂ ಬೀಸಿ ಒಗೆದು, ಹಿಂದೆ ಹಾರಿದ. ಕುರ್ಚಿ ಬಿತ್ತು. ಮೈಕು ಬಿದ್ದು ಕೊಂಯ್ ಎಂದು ಕೂಗಿತು.

ಅದು ನಿಂತ ಮೇಲೆ ಅಣ್ಣಾಸಾಹೇಬರು ತಮ್ಮ ಹೆಗಲಿನ ಕಂಬಳಿಯನ್ನು ಮೆಲ್ಲಗೆ ತೆಗೆದು, ನಾಲ್ಕು ಮಡಿಕೆ ಮಾಡಿ, ಪಕ್ಕದ ಕುರ್ಚಿಯ ಮೇಲಿಟ್ಟು, ಆ ಕುರ್ಚಿಯನ್ನೂ ಕಾಲಿನಿಂದ ಅತ್ತ ಸರಿಸಿದರು. ಮುಂದಿನ ಸಾಲಿನಿಂದ ಕರೆಪ್ಪ ಎಂಬ ಮುದುಕ ಕೋಲೂರಿ ಎದ್ದು ನಿಂತ. ಇನ್ನೂ ಕುರಿ ಮೇಯಿಸುವವನು, ಹೆಗಲ ಮೇಲೆ ಕಿಡಿ ಬಿದ್ದ ಕಲೆಗಳ ಹಳೇ ಕಂಬಳಿ.

“ಉಣ್ಣಿ ಆಗಿದ್ರ ಯಾಕ ಒಗದಿ, ಖಂಡೆಪ್ಪಾ?” ಎಂದು ಕೇಳಿದ.

ಖಂಡೆಪ್ಪ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸತೊಡಗಿದ. ಆಗ ಶುರುವಾಯಿತು ಗದ್ದಲ. ಹೋದ ವರ್ಷ ಸನ್ಮಾನ ಮಾಡಿಸಿಕೊಂಡಿದ್ದ ಹೆಂಗಸರೇ ಮೊದಲು ಎದ್ದರು. ಅವರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ, ಆದರೆ ಕೇಳಿ ನನ್ನ ಕಿವಿ ತಂಪಾಯಿತು. ನಾನು ಹಿಂದಿನ ಸಾಲನ್ನು ನೋಡಿದೆ. ದ್ರಾಕ್ಷಾಯಿಣಿ ಅಲ್ಲಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ದಡ್ಡಿಯ ಬಸ್ಸಿನಿಂದ ಇಳಿದಳು. ಸೀದಾ ಒಳಗೆ ಬಂದು, ಗೋಡೆಗೊರಗಿ ಕೂತಿದ್ದ ಅವ್ವನ ಮಡಿಲಲ್ಲಿ ಮಗುವನ್ನು ಕೂರಿಸಿ, “ಅತ್ತಿ, ನಂದು ತಪ್ಪಾತು,” ಎಂದಳು. ಅವ್ವ ತಕ್ಷಣ ಕೈ ಹೊರತೆಗೆಯಲಿಲ್ಲ. ಕಾಜಲ್‌ಳೇ ಸೆರಗಿನೊಳಗೆ ಕೈಹಾಕಿ ಅವಳ ಬೆರಳು ಹಿಡಿದು ಎಳೆದಳು. ಆಗ ಆ ಕೈ ಮೆಲ್ಲಗೆ ಹೊರಬಂದು ಮಗುವಿನ ಬೆನ್ನಿಗೆ ಹೋಯಿತು. ಅಂಗೈಯಲ್ಲಿ ಕಪ್ಪು ಕಲೆಗಳು, ಬೆನ್ನಿನಲ್ಲಿ ಗಂಟುಗಳು.

ನಾನು ನಡೆದದ್ದನ್ನೆಲ್ಲ ಚಪ್ಪರಿಸಿ ಹೇಳಿದೆ. ಅವನ ನಗೆ, ಅವನ ನೆಗೆತ, ಬಿದ್ದ ಕುರ್ಚಿ, ಕೊಂಯ್ ಎಂದ ಮೈಕು. ದ್ರಾಕ್ಷಾಯಿಣಿ ಕೂಡ ನಕ್ಕಳು. ಮಾಯವ್ವ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಅವ್ವ ನಗಲಿಲ್ಲ. ಅವಳ ಮುಖದಲ್ಲಿ ಸಮಾಧಾನ ಕಾಣುತ್ತದೆಂದು ನಾನು ಕಾದಿದ್ದೆ. ಕಂಡದ್ದು ಸಿಟ್ಟು. ನನ್ನದಕ್ಕಿಂತ ದೊಡ್ಡದು, ಹುಟ್ಟಿದಾಗಿನಿಂದ ಅವಳ ಮುಖದಲ್ಲಿ ನಾನು ಎಂದೂ ನೋಡದಂಥದ್ದು.

“ಬೆಂಕಿ ಮುಟ್ಟಾಕಿಂತ ಮೊದಲ ತಗದ ಒಗದನೇನು?” ಎಂದು ಕೇಳಿದಳು.

“ಹ್ಞೂಂ ಯವ್ವಾ. ಒಮ್ಮಿಗೇ ಕಿತ್ತ ಒಗದ.”

ಅವ್ವ ಮಗುವಿನ ಬೆನ್ನ ಮೇಲಿನ ಗಂಟುಗಳನ್ನು ಒಂದೊಂದಾಗಿ ಸವರಿದಳು.

“ಅವಗ ಒಗ್ಯಾಕ ಬಂತು,” ಎಂದಳು. “ನಮ್ಮ ಕೂಸಿಗೆ ಬರಲಿಲ್ಲ.”